ನನ್ನ ಹೊಟ್ಟೆಕಿಚ್ಚನ್ನು ನಂಬಿದವರು

ಅವರ ಬೀಳ್ಕೊಡುಗೆಯ ದಿನ ನಮ್ಮ ಫಾರ್ಮಸಿ ಕಾಲೇಜಿನ ಹುಡುಗಿಯರು ಅತ್ತರು. ಹುಡುಗಿಯರು ಅಳುತ್ತಾರೆ, ಅದರಲ್ಲೇನು ಎಂದು ನಾನು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಹುಡುಗರೂ ಅತ್ತರು. ಪ್ರಿನ್ಸಿಪಾಲರು ಕರ್ಚೀಫು ತೆಗೆದರು. ಕ್ಯಾಂಟೀನಿನವನು ಎಲ್ಲರಿಗೂ ಪುಕ್ಕಟೆ ಮೈಸೂರು ಪಾಕು ಹಂಚಿದ. ನನಗೂ ನಿವೃತ್ತಿ ದೂರವಿಲ್ಲ. ಆ ದಿನ ಇವರಲ್ಲಿ ಎಷ್ಟು ಜನ ಅಳುತ್ತಾರೆ ಎಂದು ಹಾರದ ತಟ್ಟೆ ಹಿಡಿದು ನಿಂತಲ್ಲೇ ಮುಖಗಳನ್ನು ನೋಡುತ್ತಾ ಹೋದೆ. ಉತ್ತರ ನನಗೆ ಇಷ್ಟವಾಗಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಇನ್ನಷ್ಟು ಹೆಸರು ಬರುತ್ತದೆ, ಈಗಾಗಲೇ ಬಂದಿರುವುದು ಸಾಕು.

ಅವರು ಮಾಗಡಿ ತಾಲ್ಲೂಕು ತಿಪ್ಪಸಂದ್ರದ ಕಡೆಯವರು. ನಾನು ರಾಮನಗರ ಪೇಟೆಯವನು. ನಮ್ಮ ತಂದೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು. ಕಾಲೇಜಿಗೆ ಮೊದಲು ಸೇರಿದವನು ನಾನು. ಮೈಕ್ರೋಸ್ಕೋಪಿನಲ್ಲಿ ಅಂಗಾಂಶ ನೋಡಿ ರೋಗ ಹೇಳುವುದನ್ನು ದೊಡ್ಡ ಊರಿನಲ್ಲಿ, ದೊಡ್ಡವರ ಹತ್ತಿರ ಕಲಿತು ಬಂದವನೂ ನಾನೇ. ಆಮೇಲೆ ಬಂದವರು ಅವರು, ಹಣೆಗೆ ವಿಭೂತಿ ಇಟ್ಟುಕೊಂಡು, ಸ್ಕೂಟರಿನ ಮುಂದೆ ಒಂದು ಗೋಣಿಚೀಲ ಸೊಪ್ಪು ಹೇರಿಕೊಂಡು. ಪಾಠ ಮಾಡಲು ಬಂದವರೋ ಸಂತೆಗೆ ಹೊರಟವರೋ ತಿಳಿಯದೆ ವಾಚ್‌ಮನ್ ಗೇಟಿನಲ್ಲೇ ತಡೆದನಂತೆ. ವರ್ಷ ಕಳೆಯುವಷ್ಟರಲ್ಲಿ ಅದೇ ವಾಚ್‌ಮನ್ ಹೊಂಗೆ ಮರದ ನೆರಳಿನಲ್ಲಿ ಅವರ ಸ್ಕೂಟರಿಗೆ ಜಾಗ ಹಿಡಿದಿಡುತ್ತಿದ್ದ. ನನ್ನ ಕಾರು ಇವತ್ತಿಗೂ ಬಿಸಿಲಲ್ಲೇ ನಿಲ್ಲುತ್ತದೆ.

ಚೀಲದಲ್ಲಿದ್ದ ಸೊಪ್ಪು ಗರುಗ. ಕೆರೆ ಏರಿಯ ಕೆಳಗೆ, ಗದ್ದೆಯ ಬದುವಿನಲ್ಲಿ, ನೀರು ಜಿನುಗುವ ಕಡೆಯೆಲ್ಲ ತಾನಾಗಿ ಬೆಳೆಯುವ, ಪುಟ್ಟ ಬಿಳಿ ಹೂವಿನ ಗಿಡ. ನಮ್ಮ ಕಡೆ ಹೆಂಗಸರು ತಲೆಗೆ ಎಣ್ಣೆ ಕಾಯಿಸುವಾಗ ಹಾಕುತ್ತಾರೆ. ಕಾಮಾಲೆ ಬಂದರೆ ಅರೆದು ರಸ ತೆಗೆದು ಬರೀ ಹೊಟ್ಟೆಗೆ ಕುಡಿಸುವವರೂ ಇದ್ದಾರೆ. ಹಿಂಡಿದಾಗ ಹಸಿರಾಗಿರುವ ರಸ ಗಾಳಿ ತಾಗಿದ ಮೇಲೆ ಕಪ್ಪಾಗುತ್ತದೆ. ಆ ಕಪ್ಪು ಅವರ ಬೆರಳುಗಳಿಂದ ಪೂರ್ತಿ ಹೋದದ್ದನ್ನು ನಾನು ಕಾಣೆ. ಎಲ್ಲ ಬೆರಳಿಗೂ ಶಾಯಿ ಹಾಕಿಸಿಕೊಂಡು ಓಟು ಕೊಟ್ಟು ಬಂದವರ ಹಾಗೆ ಕಾಣುತ್ತಿದ್ದರು. ಗ್ಲೌಸು ಹಾಕಿಕೊಳ್ಳಬೇಕು ಎಂದು ನಾನು ಮೀಟಿಂಗಿನಲ್ಲಿ ಎತ್ತಿದೆ. "ಹಾಕ್ಕೊಂಡ್ರೆ ಸೊಪ್ಪು ಬಲ್ತೈತೋ ಎಳೇದೋ ಗೊತ್ತಾಗಾಕಿಲ್ಲ ಸಾ" ಎಂದರು. ಎಲ್ಲರೂ ತಲೆಯಾಡಿಸಿದರು. ನಾನು ಹೇಳಿದ್ದು ನಿಯಮ, ಅವರು ಹೇಳಿದ್ದು ನೆಪ. ಮೀಟಿಂಗು ನೆಪದ ಪರವಾಗಿ ಮುಗಿಯಿತು.

ಅವರ ಸಂಶೋಧನೆ ಏನೆಂದು ಹೇಳಿಬಿಡುತ್ತೇನೆ. ಕ್ಷಯದ ಮಾತ್ರೆಗಳು ರೋಗವನ್ನು ಕೊಲ್ಲುತ್ತವೆ, ಆದರೆ ಕೆಲವರಲ್ಲಿ ಲಿವರನ್ನೂ ಕೆಡಿಸುತ್ತವೆ. ಮಾತ್ರೆಯ ಜೊತೆಗೇ ಗರುಗದ ಸಾರ ಕೊಟ್ಟರೆ ಲಿವರು ಉಳಿಯುತ್ತದೆಯೇ ಎಂದು ಇಲಿಗಳಲ್ಲಿ ನೋಡುವುದು. ಒಂದು ಗುಂಪಿಗೆ ಏನೂ ಕೊಡುವುದಿಲ್ಲ, ಒಂದಕ್ಕೆ ಬರೀ ಮಾತ್ರೆ, ಒಂದಕ್ಕೆ ಮಾತ್ರೆಯ ಜೊತೆ ಈಗಾಗಲೇ ಹೆಸರಾಗಿರುವ ಔಷಧಿ, ಉಳಿದೆರಡಕ್ಕೆ ಮಾತ್ರೆಯ ಜೊತೆ ಗರುಗ: ಒಂದಕ್ಕೆ ಕಮ್ಮಿ, ಇನ್ನೊಂದಕ್ಕೆ ಜಾಸ್ತಿ. ಕೊನೆಗೆ ಲಿವರಿನ ತೆಳು ಪದರ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಸ್ಲೈಡಿನ ಮೇಲೆ ಕೂರಿಸಿ ನೋಡಬೇಕು. ಇದರಲ್ಲಿ ಹೊಸತೇನೂ ಇಲ್ಲ. ಯಾವ ಫಾರ್ಮಸಿ ಕಾಲೇಜಿಗೆ ಹೋದರೂ ಯಾವುದೋ ಒಂದು ಸೊಪ್ಪು ಯಾವುದೋ ಒಂದು ಇಲಿಯ ಲಿವರನ್ನು ಕಾಪಾಡುತ್ತಲೇ ಇರುತ್ತದೆ. ಈ ಮಾತನ್ನು ಅವರಿಗೆ ಕೇಳಿಸುವಂತೆಯೇ ಸ್ಟಾಫ್‌ರೂಮಿನಲ್ಲಿ ಹೇಳಿದೆ.

"ಹೂಂ ಸಾ, ಎಲ್ಲಾ ಸೊಪ್ಪೂ ಗೆದ್ದೇ ಗೆಲ್ತವೆ. ಸೋತ ಸೊಪ್ಪು ಎಲ್ಲೂ ಕಾಣಾಕಿಲ್ಲ. ಅದೇ ನಂಗೂ ಅನ್ಮಾನ" ಎಂದರು.

ನಾನು ಚುಚ್ಚಬೇಕೆಂದೇ ಹೇಳಿದ್ದು. ಒಪ್ಪಿಕೊಂಡುಬಿಟ್ಟರೆ ಮುಂದೆ ಏನು ಮಾತಾಡುವುದು?

ನನ್ನ ಪಾಠ ಕ್ರಮವಾಗಿರುತ್ತದೆ. ಪರದೆಯ ಮೇಲೆ ಚಿತ್ರ ಬರುತ್ತದೆ, ಬಾಣದ ಗುರುತು ಬರುತ್ತದೆ, ಹಿಂದಿನ ಬೆಂಚಿನಲ್ಲಿ ನಿದ್ದೆ ಬರುತ್ತದೆ. ಪಕ್ಕದ ಕೋಣೆಯಲ್ಲಿ ಅವರ ಪಾಠ ನಡೆದಿದ್ದರೆ ಗೋಡೆಯಾಚೆಯಿಂದ ನಗು ಕೇಳುತ್ತಿತ್ತು. "ಲಿವರ್ ಅಂದ್ರೆ ಏನಂದ್ಕಂಡಿದ್ದೀಯ್ಲಾ? ಮನೆ ಸೊಸೆ ಇದ್ದಂಗೆ ಕಣ್ಲಾ. ಎಲ್ಲಾರ್ ಎಂಜಲೂ ತೊಳೀತದೆ, ಬಾಯ್ ಬುಡಾಕಿಲ್ಲ. ಅದು ಬಾಯ್ ಬುಟ್ಟಿದ್ ದಿನ ಮನೆ ಮುಗೀತು ಅನ್ಕೋ." ಇದು ಪಾಠವೇ? ಆದರೆ ಪರೀಕ್ಷೆಯಲ್ಲಿ ಹುಡುಗರು ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಬರೆದರು, ಸರಿಯಾಗಿಯೇ ಬರೆದರು. ಆ ಉತ್ತರಗಳಿಗೆ ನಾನೇ ಅಂಕ ಹಾಕಬೇಕಾಯಿತು. ನನ್ನ ಹತ್ತಿರ ಪ್ರಾಜೆಕ್ಟಿಗೆ ಸೇರಿದ್ದ ಒಬ್ಬ ಬುದ್ಧಿವಂತ ಹುಡುಗಿ, "ಸರ್, ತಪ್ಪು ತಿಳ್ಕೋಬೇಡಿ" ಎಂದು ಶುರು ಮಾಡಿ ಅವರ ಕಡೆ ಹೊರಟುಹೋದಳು. ನಾನು ತಪ್ಪು ತಿಳಿದುಕೊಂಡೆ.

ಮನೆಯಲ್ಲಿಯೂ ನೆಮ್ಮದಿ ಇರಲಿಲ್ಲ. ಒಮ್ಮೆ ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ನಮ್ಮ ಮನೆಗೆ ಬಂದವರು, ನನ್ನ ಹೆಂಡತಿ ತಲೆನೋವಿಗೆ ಮಾತ್ರೆ ನುಂಗುವುದನ್ನು ಕಂಡು, "ಅಕ್ಕಾ, ಅದ್ನ ಕಡ್ಲೆಪುರಿ ತಿಂದಂಗೆ ತಿನ್ಬೇಡಿ, ಲಿವರ್‌ಗೆ ಆಗಾಕಿಲ್ಲ" ಎಂದರು. ಇದೇ ಮಾತನ್ನು ನಾನು ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದೆ. ಅವತ್ತಿನಿಂದ ಮಾತ್ರೆ ನಿಂತಿತು. "ಎಷ್ಟು ಒಳ್ಳೆಯವರು ರೀ" ಎಂದಳು. ಆ ರಾತ್ರಿ ನಾನು ಸಾರಿಗೆ ಉಪ್ಪು ಕಮ್ಮಿ ಎಂದು ಜಗಳ ತೆಗೆದೆ. ಉಪ್ಪು ಸರಿಯಾಗಿತ್ತು.

ಅವರ ಸೊಪ್ಪಿನ ಸುದ್ದಿ ಊರೂರಿಗೆ ಹಬ್ಬಿ, ಕಾಮಾಲೆಯವರು ಕಾಲೇಜಿನ ಗೇಟಿಗೇ ಬರತೊಡಗಿದರು. ಕಣ್ಣು ಹಳದಿಯಾದ ಮಗನನ್ನು ಕರೆದುಕೊಂಡು ಕನಕಪುರದ ಕಡೆಯ ಒಬ್ಬ ತಾಯಿ ಬಂದಿದ್ದಳು. ಒಂದು ಲೋಟ ರಸ ಕೊಟ್ಟಿದ್ದರೆ ದೇವರೆನ್ನುತ್ತಿದ್ದಳು. ಅವರು ಕೊಡಲಿಲ್ಲ. "ಇದು ಇಲಿಗೆ ಕೊಡೋದು ಕಣವ್ವ. ನಿನ್ ಮಗ ಇಲಿ ಅಲ್ವಲ್ಲ. ನಡಿ ಆಸ್ಪತ್ರೆಗೆ" ಎಂದು ಗದರಿಸಿ, ತಮ್ಮ ಸ್ಕೂಟರಿನಲ್ಲೇ ಹುಡುಗನನ್ನು ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದರು. ಔಷಧಿ ಕೊಟ್ಟಿದ್ದರೆ ನಾಟಿ ವೈದ್ಯ ಎಂದು ಆಡಿಕೊಳ್ಳಲು ನನಗೊಂದು ಅವಕಾಶ ಸಿಗುತ್ತಿತ್ತು. ಆ ಅವಕಾಶವನ್ನೂ ಅವರು ಕೊಡಲಿಲ್ಲ.

ಒಂದು ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ನಾನೊಬ್ಬನೇ ಇದ್ದೆ. ಅವರು ಕಂಕುಳಲ್ಲಿ ಸ್ಲೈಡುಗಳ ಡಬ್ಬಿ ಇಟ್ಟುಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಕೂತರು.

"ಸಾ, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನನ್ ಕಂಡ್ರೆ ನಿಮ್ಗಾಗಾಕಿಲ್ಲ, ಅಲ್ವಾ?"

ನಾನು ಕನ್ನಡಕ ತೆಗೆದು ಒರೆಸಿದೆ. "ಹಾಗೇನಿಲ್ಲವಲ್ಲ" ಎಂದೆ.

"ಇಲ್ಲ ಅನ್ಬೇಡಿ ಸಾ, ಕೆಲ್ಸ ಕೆಡ್ತದೆ. ನಂಗೆ ನಿಮ್ಮಂತೋರೇ ಬೇಕಾಗಿತ್ತು." ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ಈ ಸೊಪ್ಪು ಗೆಲ್ಬೇಕು ಅಂತ ನಂಗೆ ಸ್ಯಾನೆ ಆಸೆ ಐತೆ. ಆಸೆ ಇರೋನ್ಗೆ ಸತ್ತಿರೋ ಕೋಶಾನೂ ಉಸಿರಾಡ್ದಂಗೆ ಕಾಣ್ತದೆ. ನನ್ ಹುಡುಗ್ರು ನನ್ ಮುಖ ನೋಡಿ ರಿಸಲ್ಟ್ ಹೇಳ್ತಾರೆ. ಪ್ರಿನ್ಸಿಪಾಲ್ರಿಗೆ ಎಲ್ಲಾನೂ ಚೆಂದಾಗೇ ಕಾಣ್ತದೆ. ನಾನು ಸೋಲ್ಲಿ ಅಂತ ಕಾಯ್ತಿರೋರು ಈ ಬಿಲ್ಡಿಂಗ್ನಾಗೆ ನೀವೊಬ್ರೇ. ನೀವ್ ನೋಡಿ ಚೆನ್ನಾಗೈತೆ ಅಂದ್ರೆ, ಅದು ನಿಜ್ವಾಗ್ಲೂ ಚೆನ್ನಾಗಿರ್ತದೆ."

ಇದು ಬೈಗುಳವೋ ಮರ್ಯಾದೆಯೋ ನನಗೆ ತಿಳಿಯಲಿಲ್ಲ. ಸಿಟ್ಟು ಬರಬೇಕಾಗಿತ್ತು. ಅದರ ಬದಲು, ಇವರ ಸೋಲು ನನ್ನ ಕೈಗೇ ಬಂದು ಕೂತಿತಲ್ಲ ಎಂದು ಒಳಗೊಳಗೇ ಖುಷಿಯಾಯಿತು. ನೋಡುತ್ತೇನೆ ಎಂದೆ.

ಸ್ಲೈಡುಗಳ ಮೇಲೆ ಯಾವ ಗುಂಪೆಂದು ಬರೆದಿರಲಿಲ್ಲ. ನೋಡುವವನಿಗೆ ಗುಂಪು ತಿಳಿಯಬಾರದೆಂಬುದು ನಮ್ಮ ಕೆಲಸದ ನಿಯಮ. ಸಾಮಾನ್ಯವಾಗಿ ಎ, ಬಿ, ಸಿ ಎಂದು ಬರೆದು ಮುಗಿಸುತ್ತೇವೆ. ಇಲ್ಲಿ ಬಸ್ಸಿನ ಬೋರ್ಡಿನ ಹಾಗೆ ಊರಿನ ಹೆಸರುಗಳಿದ್ದವು: ಮಾಗಡಿ, ಕುದೂರು, ಸೋಲೂರು, ಕೆಂಪಾಪುರ, ತಿಪ್ಪಸಂದ್ರ. ಈ ಚೀಟಿಗಳನ್ನು ಅಂಟಿಸಿದವರು ಅವರ ಹೆಂಡತಿ, ಮಾಗಡಿಯ ಪ್ರೈಮರಿ ಶಾಲೆಯ ಟೀಚರು. ಯಾವ ಊರು ಯಾವ ಗುಂಪು ಎಂಬುದು ಆಕೆಗೆ ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ, ಗಂಡನಿಗೂ ಹೇಳುವುದಿಲ್ಲ. ಅದು ಆ ಮನೆಯ ಪದ್ಧತಿ.

ತಿಪ್ಪಸಂದ್ರ ಎಂಬ ಚೀಟಿ ಕಂಡ ಕೂಡಲೇ ನನಗೆ ನಗು ಬಂತು. ಸ್ವಂತ ಊರಿನ ಹೆಸರನ್ನು ಯಾರಾದರೂ ಯಾವ ಗುಂಪಿಗೆ ಇಡುತ್ತಾರೆ? ಗರುಗಕ್ಕೇ ತಾನೇ? ಮೊದಲು ಅದನ್ನೇ ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ರಕ್ತನಾಳದ ಸುತ್ತ ಕೋಶಗಳು ಸತ್ತು ಬಿದ್ದಿದ್ದವು, ಕೊಬ್ಬಿನ ಗುಳ್ಳೆಗಳು ತುಂಬಿದ್ದವು. ಇಂಥ ಹಾಳಾದ ಲಿವರನ್ನು ನೋಡಿ ಅಷ್ಟು ಸಂತೋಷಪಟ್ಟವನು ಇನ್ನೊಬ್ಬನಿರಲಾರ. ಇದ್ದದ್ದನ್ನು ಇದ್ದ ಹಾಗೆ ಬರೆದೆ, ಸೇರಿಸುವ ಅಗತ್ಯವೇ ಇರಲಿಲ್ಲ. ಏನೂ ಕೊಡದ ಗುಂಪೆಂದು ನೋಡಿದರೇ ತಿಳಿಯುತ್ತಿದ್ದ ಸೋಲೂರನ್ನು ಬಿಟ್ಟರೆ ಕೆಂಪಾಪುರ ಮಾತ್ರ ಅಚ್ಚುಕಟ್ಟಾಗಿತ್ತು. ಕೋಶಗಳು ಸಾಲು ಹಿಡಿದು ನಿಂತಿದ್ದವು, ಅಲ್ಲೊಂದು ಇಲ್ಲೊಂದು ಗುಳ್ಳೆ. ಇದು ಹೆಸರಾದ ಔಷಧಿಯ ಗುಂಪೇ ಸರಿ ಎಂದು ಎರಡು ಒಳ್ಳೆಯ ಮಾತು ಜಾಸ್ತಿಯೇ ಬರೆದೆ.

ವರದಿಯನ್ನು ಅವರ ಮುಂದಿಟ್ಟು, "ನೋಡಿ, ಔಷಧಿ ಅಂದರೆ ಕೆಂಪಾಪುರದ ಹಾಗೆ ಕೆಲಸ ಮಾಡಬೇಕು" ಎಂದೆ.

ಅವರು ಫೋನನ್ನು ಸ್ಪೀಕರಿಗೆ ಹಾಕಿ ಹೆಂಡತಿಗೆ ಕರೆ ಮಾಡಿದರು. ಆ ಕಡೆ ಕುಕ್ಕರು ಕೂಗುತ್ತಿತ್ತು.

"ತಿಪ್ಪಸಂದ್ರ ಯಾವ್ದೇ?"

"ತಡೀರಿ ಒಸಿ, ಒಲೆ ಆರಿಸ್ಬುಡ್ತೀನಿ." ಕುಕ್ಕರಿನ ಸದ್ದು ನಿಂತಿತು. "ತಿಪ್ಪಸಂದ್ರ ಬರೀ ಮಾತ್ರೆ ಕೊಟ್ಟಿದ್ದು."

"ನಮ್ಮೂರ್ನೇ ಯಾಕಿಕ್ದೆ ಅದಕ್ಕೆ?"

"ಇನ್ನೇನ್ ಮಾಡ್ಲಿ? ನಿಮ್ಮೂರ್ನ ನಿಮ್ ಸೊಪ್ಪಿಗೆ ಇಕ್ಕಿದ್ರೆ ಅವ್ರಿಗೆ ಗೊತ್ತಾಗ್ಬುಡಾಕಿಲ್ವಾ?"

ಆ 'ಅವ್ರು' ನಾನು. ನನ್ನ ಹೊಟ್ಟೆಕಿಚ್ಚಿನ ಸುದ್ದಿ ಅವರ ಅಡುಗೆಮನೆಯವರೆಗೂ ಹೋಗಿತ್ತು.

"ಕೆಂಪಾಪುರ?"

"ಅದೇ ಕಣ್ರೀ ಗರುಗ. ಕಮ್ಮಿ ಕೊಟ್ಟಿದ್ದು."

ನಾನು ಬಾಯಿ ತುಂಬ ಹೊಗಳಿದ್ದು ಅವರ ಸೊಪ್ಪನ್ನೇ. ನನ್ನ ಕೈಬರಹದಲ್ಲಿ, ನನ್ನ ಸಹಿಯ ಮೇಲೆ. ಅವರು ನಗುತ್ತಾರೆ, ಆಗ ಒಂದು ಮಾತು ಹೇಳೋಣ ಎಂದು ಕಾದೆ. ಅವರು ನಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು. ಅಲ್ಲಿಂದಲೇ ತಮ್ಮ ತಾಯಿಯ ವಿಷಯ ತೆಗೆದರು.

"ನಮ್ಮವ್ವಂಗೆ ಟಿಬಿ ಆಗಿತ್ತು ಸಾ. ಮಾತ್ರೆ ತಗೊಳ್ತಾ ತಗೊಳ್ತಾ ಕಣ್ಣೆಲ್ಲಾ ಹಳ್ದಿ ಆಗೋಯ್ತು. ಮಾತ್ರೆಯಿಂದ್ಲೇ ಹಿಂಗಾಯ್ತು ಅಂತ ಮನೇರು ಮಾತ್ರೆ ನಿಲ್ಲಿಸ್ಬುಟ್ರು. ಡಾಕ್ಟ್ರ ತಾವ ಹೋಗಿ ಕೇಳ್ಬೇಕು ಅನ್ನೋ ಬುದ್ಧಿ ಯಾರ್ಗೂ ಬರ್ನಿಲ್ಲ. ಗರುಗದ ರಸ ಕುಡಿಸುದ್ರು. ಹಳ್ದಿ ಹೋಯ್ತು. ಊರೋರೆಲ್ಲಾ ಸೊಪ್ಪಿಗೆ ಕೈ ಮುಗುದ್ರು. ಆಮೇಲೆ ಕೆಮ್ಮು ತಿರ್ಗಾ ಬಂತು. ಕೆಮ್ಮು ಬಂದಿದ್ದು ಅವ್ವನ್ನ ತಕೊಂಡೇ ಹೋಯ್ತು."

ಅವರು ನನ್ನ ಕಡೆ ತಿರುಗಿದರು.

"ಓದ್ಕಂಡ್ ಮ್ಯಾಲೆ ಗೊತ್ತಾಯ್ತು ಸಾ. ಹಳ್ದಿ ಹೋಗಿದ್ದು ಮಾತ್ರೆ ನಿಲ್ಸಿದ್ದಕ್ಕೋ, ಸೊಪ್ಪು ಕುಡ್ಸಿದ್ದಕ್ಕೋ, ಯಾರ್ಗೊತ್ತು? ಮಾತ್ರೆ ನಿಲ್ಲಿಸ್ದೆನೇ ಲಿವರ್ ಉಳಿಸೋಕೆ ಆಯ್ತದಾ ಅಂತ ನೋಡ್ಬೇಕು. ಆಗಾಕಿಲ್ಲ ಅಂದ್ರೆ ಆಗಾಕಿಲ್ಲ ಅಂತ ಗೊತ್ತಾಗ್ಬೇಕು. ಅದಕ್ಕೇ ನಿಮ್ ತಾವ ಬಂದಿದ್ದು."

ಇಂಥ ತಾಯಿ, ಇಂಥ ಕಾರಣ ನನಗಿರಲಿಲ್ಲ. ನಾನು ಈ ವಿದ್ಯೆಗೆ ಬಂದದ್ದು ಮೆಡಿಕಲ್ ಸೀಟು ಸಿಗದೆ. ಅವರ ದುಃಖವನ್ನು ನೋಡಿಯೂ ನಾನು ಅಸೂಯೆಪಟ್ಟೆ ಎಂದರೆ ನಂಬುವವರು ನಂಬಲಿ. ಒಂದು ಸೊಪ್ಪಿನ ಹಿಂದೆ ಅಷ್ಟು ದೂರ ಹೋಗಲು ಅವರಿಗೊಂದು ಕಾರಣವಿತ್ತು. ನನ್ನನ್ನು ಹಾಗೆ ಎಳೆದುಕೊಂಡು ಹೋಗುವಂಥದ್ದು ಏನೂ ಇರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಡಬ್ಬಿಯೂ ನನ್ನ ಮೇಜಿಗೇ ಬಂತು. ಹುಳುಕು ಸಿಗಲಿ ಎಂದು ನಾನು ಒಂದೊಂದು ಸ್ಲೈಡನ್ನೂ ಮೂಲೆಯಿಂದ ಮೂಲೆಗೆ ನೋಡುತ್ತಿದ್ದೆ. ಬೇರೆಯವರಾಗಿದ್ದರೆ ಒಳ್ಳೆಯದೊಂದು ಜಾಗ ನೋಡಿ ಫೋಟೋ ತೆಗೆದು ಮುಗಿಸುತ್ತಿದ್ದರು. ನನ್ನ ವರದಿಗಳು ಎಷ್ಟು ಕಟ್ಟುನಿಟ್ಟಾಗಿದ್ದವೆಂದರೆ, ಅವರ ಲೇಖನ ಎಲ್ಲಿಗೆ ಹೋದರೂ ಸ್ಲೈಡಿನ ವಿಷಯದಲ್ಲಿ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಲೇಖನದ ಕೊನೆಯ ಸಾಲಿನಲ್ಲಿ ನನಗೆ ಕೃತಜ್ಞತೆ ಇರುತ್ತಿತ್ತು. ಮೊದಲ ಸಾಲಿನಲ್ಲಿ ಅವರ ಹೆಸರು.

ಆಮೇಲೆ ಸಿರಪ್ಪಿನವರು ಬಂದರು. ಅದೊಂದು ಟಾನಿಕ್ ಮಾಡುವ ಕಂಪನಿ. ಗರುಗದ ಸಾರವನ್ನು ಬಾಟಲಿಗೆ ತುಂಬಿ, ಮಾತ್ರೆ ನುಂಗುವವರ ಲಿವರಿಗೆ ರಕ್ಷಣೆ ಎಂದು ಮಾರಬೇಕೆಂಬುದು ಕಂಪನಿಯ ಆಲೋಚನೆ. ಇದುವರೆಗೆ ಇಲಿಗಳಿಗೆ ಕೊಟ್ಟದ್ದಕ್ಕಿಂತಲೂ ಜಾಸ್ತಿ ಪ್ರಮಾಣ ಬೇಕು, ಲೇಬಲ್ಲಿನ ಮೇಲೆ 'ಹೆಚ್ಚು ಶಕ್ತಿ' ಎಂದು ಹಾಕಬೇಕು ಎಂದರು. ಪ್ರಿನ್ಸಿಪಾಲರು ಗೋಡೆಗೆ ಸುಣ್ಣ ಹೊಡೆಸಿದರು. ಆಡಳಿತ ಮಂಡಳಿಯವರು ನಮ್ಮ ಸೊಪ್ಪಿನವರಿಗೆ ಮೈಸೂರು ಪೇಟ ತೊಡಿಸಿ ಫೋಟೋ ತೆಗೆಸಿದರು. ಪೇಟ ಅವರಿಗೆ ಒಪ್ಪುತ್ತಿತ್ತು. ಅದನ್ನೂ ನನಗೆ ಸಹಿಸಲಾಗಲಿಲ್ಲ. ಆ ಪ್ರಮಾಣದಲ್ಲಿ ಕೊನೆಯದಾಗಿ ಒಂದು ಸಲ ಪ್ರಯೋಗ ಮಾಡಿ ಖಚಿತಪಡಿಸಿಕೊಳ್ಳಬೇಕಾಗಿತ್ತು, ಅಷ್ಟೇ.

ಆ ಸಲದ ಡಬ್ಬಿಯಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಬಿಡದಿ, ಹಾರೋಹಳ್ಳಿ ಇದ್ದವು. ಟೀಚರು ತಾಲ್ಲೂಕು ದಾಟಿದ್ದರು. ನಾನು ಊಹಿಸುವುದನ್ನು ಆ ಹೊತ್ತಿಗೆ ಬಿಟ್ಟಿದ್ದೆ. ಊಹಿಸಿದಾಗಲೆಲ್ಲ ಮುಖಕ್ಕೆ ಮಂಗಳಾರತಿ ಆಗಿತ್ತು. ಚನ್ನಪಟ್ಟಣ ಹಾಳಾಗಿತ್ತು. ಬಿಡದಿ ಚೆನ್ನಾಗಿತ್ತು, ರಾಮನಗರ ಪರವಾಗಿಲ್ಲ, ಹಾರೋಹಳ್ಳಿಗೆ ಏನೂ ಆಗಿರಲಿಲ್ಲ. ಕನಕಪುರ ನನ್ನನ್ನು ತಡೆದು ನಿಲ್ಲಿಸಿತು. ಮೇಲುನೋಟಕ್ಕೆ ಸುಮಾರಾಗಿತ್ತು. ಅಂಚಿಗೆ ಹೋದರೆ ಕೋಶಗಳು ಊದಿಕೊಂಡು ಒಡೆದಿದ್ದವು, ಪಿತ್ತನಾಳದ ಸುತ್ತ ಉರಿಯೂತ. ಆ ಗುಂಪಿನ ಎಲ್ಲ ಸ್ಲೈಡುಗಳಲ್ಲೂ ಅದೇ. ಹಾಳಾದ ಚನ್ನಪಟ್ಟಣಕ್ಕಿಂತಲೂ ಕಡೆ ಎಂದು ಬರೆದೆ.

ಈ ಸಲ ಪ್ರಿನ್ಸಿಪಾಲರ ಕೋಣೆಯಲ್ಲಿ, ಕಂಪನಿಯವರ ಎದುರಿಗೇ ಅವರು ಹೆಂಡತಿಗೆ ಫೋನು ಹಚ್ಚಿದರು. ಚನ್ನಪಟ್ಟಣ ಎಂದರೆ ಬರೀ ಮಾತ್ರೆ. ಕನಕಪುರ ಎಂದರೆ ಗರುಗ, ಜಾಸ್ತಿ ಪ್ರಮಾಣ. ಬಿಡದಿ ಎಂದರೆ ಗರುಗ, ಕಮ್ಮಿ.

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ, "ನಿಮಗೂ ಅವರಿಗೂ ಸರಿಯಿಲ್ಲ ಅನ್ನೋದು ಕಾಲೇಜಿಗೆಲ್ಲ ಗೊತ್ತಿರೋ ವಿಷಯ. ಇದನ್ನ ಹೊರಗಿನವರ ಹತ್ತಿರ ಇನ್ನೊಂದು ಸಲ ನೋಡಿಸೋಣ" ಎಂದರು. ಕಂಪನಿಯವರು ನನ್ನನ್ನು ಕಳ್ಳನ ಹಾಗೆ ನೋಡಿದರು.

ಆಗ ಅವರೇ ಎದ್ದು ನಿಂತರು. "ಹೊರ್ಗಡೆಯೋರ ತಾವ್ಲೂ ನೋಡಿಸ್ರಿ ಸಾ, ಬ್ಯಾಡ ಅನ್ನಾಕಿಲ್ಲ. ಆದ್ರೆ ಇವ್ರ ಮ್ಯಾಲೆ ಅನ್ಮಾನ ಬ್ಯಾಡ. ಕನಕಪುರ ನಂದು ಅಂತ ಇವ್ರಿಗೆ ಗೊತ್ತಿದ್ರೆ ಚೆನ್ನಾಗಿರೋದ್ನೂ ಕೆಟ್ಟೋಗೈತೆ ಅಂತ ಬರೀತಿದ್ರೋ ಏನೋ. ಗೊತ್ತಿರ್ನಿಲ್ಲ. ಬಿಡದೀನೂ ನಂದೇ ಅಲ್ವಾ, ಅದ್ನ ಚೆನ್ನಾಗೈತೆ ಅಂತಾನೇ ಬರ್ದವ್ರೆ. ಇವ್ರು ಕಂಡಿದ್ದನ್ನೇ ಬರ್ದಿರೋದು." ಆಮೇಲೆ ಕಂಪನಿಯವರಿಗೆ ಕೈ ಮುಗಿದು, "ಜಾಸ್ತಿ ಕೊಟ್ರೆ ಕೆಡ್ತದೆ. ಬಾಟ್ಲಿ ಮನೇಲಿದ್ರೆ ಜನ ಒಂದ್ ಚಮಚಕ್ಕೆ ನಿಲ್ಸಾಕಿಲ್ಲ, ನಮ್ ಜನ ನಂಗೊತ್ತು. ಸಿರಪ್ ಬ್ಯಾಡ" ಎಂದರು.

ಹೊರಗಿನವರೂ ನೋಡಿದರು. ಅವರಿಗೆ ಕಂಡದ್ದೂ ಅದೇ. ಸಿರಪ್ಪು ಬರಲಿಲ್ಲ.

ಅವರು ಸೋಲಲಿ ಎಂದು ಅಷ್ಟು ವರ್ಷ ಕಾದವನು ನಾನು. ಕೊನೆಗೂ ಸೋತರು, ನನ್ನ ಕಣ್ಣೆದುರಿಗೇ, ನನ್ನ ವರದಿಯಿಂದಲೇ. ಆದರೆ ಆ ವಾರ ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಅವರ ದೊಡ್ಡತನವೇ. ಸೋತ ಸೊಪ್ಪಿನ ಲೇಖನವನ್ನು ಇದ್ದ ಹಾಗೇ ಬರೆದು ಕಳಿಸಿದರು, ಅದಕ್ಕೂ ಶಭಾಸ್. ನನ್ನ ಬಗ್ಗೆ ಜನ ಹೇಳಿದ್ದಿಷ್ಟೇ: ಪರವಾಗಿಲ್ಲ, ಇವರೂ ನಿಯತ್ತಿನವರು. ಆ 'ಊ' ಇವತ್ತಿಗೂ ನನಗೆ ಚುಚ್ಚುತ್ತದೆ.

ಅವರ ಟಿಫಿನ್ ಕ್ಯಾರಿಯರಿನ ವಿಷಯ ಹೇಳುವುದನ್ನೇ ಮರೆತೆ. ಅವರೇಕಾಯಿಯ ಕಾಲದಲ್ಲಿ ಹಿದುಕಿದ ಅವರೆಯ ಸಾರು ತರುತ್ತಿದ್ದರು. ಸ್ಟಾಫ್‌ರೂಮೆಲ್ಲ ಅವರ ಮೇಜಿನ ಸುತ್ತ ಸೇರುತ್ತಿತ್ತು. ನಾನು ನನ್ನ ಚಪಾತಿ ಬಿಚ್ಚಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ಅವರು ಸುಮ್ಮನೆ ಬಂದು ಮುಚ್ಚಳದಲ್ಲಿ ಸಾರು ಹಾಕಿಟ್ಟು ಹೋಗುತ್ತಿದ್ದರು. ಬೇಡ ಎನ್ನಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಸಾರು ಚೆನ್ನಾಗಿರುತ್ತಿತ್ತು.

ಅವರು ನಿವೃತ್ತರಾದ ಮೇಲೆ ನಾನೂ ಒಂದು ಸೊಪ್ಪು ಹಿಡಿದೆ. ಕೊಮ್ಮೆ ಸೊಪ್ಪು, ಮಳೆ ಬಿದ್ದ ಮೇಲೆ ರಸ್ತೆ ಬದಿಯಲ್ಲೆಲ್ಲ ಹಬ್ಬುತ್ತದೆ. ಜ್ವರ, ತಲೆನೋವಿನ ಮಾತ್ರೆ ಮಿತಿಮೀರಿದರೆ ಕೆಡುವ ಲಿವರಿಗೆ ಅದು ಆಗುತ್ತದೆಯೇ ಎಂದು ನೋಡುವ ಪ್ರಯೋಗ. ಅವರಿದ್ದಾಗ ಮಾಡಿದ್ದರೆ ಅವರ ಹಿಂದೆ ಹೋದೆ ಎಂದು ಜನ ಆಡಿಕೊಳ್ಳುತ್ತಿದ್ದರು. ರಕ್ತದ ವರದಿಗಳು ಚೆನ್ನಾಗಿ ಬಂದವು. ಸ್ಲೈಡುಗಳು ಬಂದವು. ಹೆಂಡತಿಗೆ ಕೊಟ್ಟು ಚೀಟಿ ಅಂಟಿಸು ಎಂದೆ. ಅವಳು ಹೂವಿನ ಹೆಸರು ಅಂಟಿಸಿದಳು. ಒಂದು ಸ್ಲೈಡು ತೆಗೆದು ನಾನೇ ನೋಡಿದೆ. ಚೆನ್ನಾಗಿ ಕಂಡಿತು. ಇನ್ನೊಂದು ನೋಡಿದೆ, ಅದೂ ಚೆನ್ನಾಗಿ ಕಂಡಿತು. ಚೆನ್ನಾಗಿರಲಿ ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ಮಲ್ಲಿಗೆಯೂ ಕನಕಾಂಬರವೂ ಒಂದೇ ಹಾಗೆ ಕಂಡವು. ಡಬ್ಬಿ ಮುಚ್ಚಿದೆ.

ನಾನೂ ಒಂದು ಸೊಪ್ಪು ಹಿಡಿದಿದ್ದೇನೆ, ಬರುತ್ತೇನೆ ಎಂದು ಅವರಿಗೆ ಫೋನು ಮಾಡಿ, ಭಾನುವಾರ ಕಾರು ತೆಗೆದು ತಿಪ್ಪಸಂದ್ರಕ್ಕೆ ಹೊರಟೆ. ಸಾವನದುರ್ಗದ ಬೆಟ್ಟ ಮಾಗಡಿಯವರೆಗೂ ಒಂದೊಂದು ತಿರುವಿನಲ್ಲಿ ಒಂದೊಂದು ಪಕ್ಕಕ್ಕೆ ಬರುತ್ತಿತ್ತು. ಅವರು ತೋಟದ ಬದುವಿನಲ್ಲಿ ಕೂತು ಗರುಗ ಕೀಳುತ್ತಿದ್ದರು. ಪ್ರಯೋಗಕ್ಕಲ್ಲ, ಹೆಂಡತಿ ಎಣ್ಣೆ ಕಾಯಿಸಲು ಕೇಳಿದ್ದರಂತೆ. ನನ್ನನ್ನು ಕಂಡು ಎದ್ದು, ಬೋರ್‌ವೆಲ್ಲಿನ ನೀರಿಗೆ ಕೈಯೊಡ್ಡಿದರು. ಬೆರಳು ಎಂದಿನಂತೆ ಕಪ್ಪಗೇ ಇದ್ದವು.

ಜಗಲಿಯ ಮೇಲೆ ಕೂತು ಕಾಫಿ ಕುಡಿದ ಮೇಲೆ ಡಬ್ಬಿಯನ್ನು ಅವರ ಮುಂದಿಟ್ಟು ವಿಷಯ ಹೇಳಿದೆ. ಕಾಲೇಜಿನಲ್ಲಿ ನಿಮಗೊಂದು ಮೈಕ್ರೋಸ್ಕೋಪು ಹೊಂದಿಸಿ ಕೊಡುತ್ತೇನೆ, ಬಂದು ನೋಡಿಕೊಡಿ ಎಂದೆ. ಅವರ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಅವರು ಡಬ್ಬಿಯ ಮೇಲೆ ಅಂಗೈ ಇಟ್ಟರು. ತೆರೆಯಲಿಲ್ಲ.

"ನನ್ ಕೈಲಾಗಾಕಿಲ್ಲ ಸಾ."

"ಯಾಕೆ? ಕಣ್ಣು ಚೆನ್ನಾಗಿದೆಯಲ್ಲ."

"ಕಣ್ಣು ಚೆನ್ನಾಗೈತೆ. ನಿಮ್ ಸೊಪ್ಪು ಗೆಲ್ಲಿ ಅಂತ ನಂಗೂ ಆಸೆ ಐತಲ್ಲ, ಅದೇ ತೊಂದ್ರೆ. ನೀವ್ ಪೋನ್ ಮಾಡ್ದಾಗ್ಲೇ ಇವ್ಳಿಗಂದೆ, ಸಾಹೇಬ್ರು ಸೊಪ್ಪು ಹಿಡ್ದವ್ರೆ, ಚೆನ್ನಾಗ್ ಬರ್ಲಪ್ಪಾ ಅಂತ. ನಾನ್ ನೋಡುದ್ರೆ ಎಲ್ಲಾ ಚೆಂದಾಗೇ ಕಾಣ್ತದೆ."

ಆಗ ನಾನು ಕೇಳಬಾರದ್ದನ್ನು ಕೇಳಿದೆ. "ಅಷ್ಟು ವರ್ಷದಲ್ಲಿ ಒಂದು ದಿನವಾದರೂ ನಿಮಗೆ ನನ್ನ ಮೇಲೆ ಹೊಟ್ಟೆಕಿಚ್ಚು ಬರಲಿಲ್ಲವೇ?"

ಅವರು ಯೋಚಿಸಿದರು. ನಿಜವಾಗಿಯೇ ಯೋಚಿಸಿದರು, ಹುಬ್ಬು ಗಂಟಿಕ್ಕಿ, ಅಂಗಳದ ಕಡೆ ನೋಡುತ್ತಾ, ಮನೆಗೆ ಬಂದವನನ್ನು ಬರಿಗೈಲಿ ಕಳಿಸಬಾರದೆಂದು ಒಳಗೆಲ್ಲ ಹುಡುಕಿ ನೋಡುವವರ ಹಾಗೆ.

"ನಿಮ್ ಇಂಗ್ಲಿಷ್ ಐತಲ್ಲ ಸಾ" ಎಂದು ಶುರು ಮಾಡಿದರು. ಅಲ್ಲಿಗೇ ನಿಲ್ಲಿಸಿದರು. ಸುಳ್ಳು ಅವರಿಗೆ ಬರುತ್ತಿರಲಿಲ್ಲ. "ಇಲ್ಲ ಸಾ. ಬರ್ನಿಲ್ಲ" ಎಂದರು, ತಾವೇ ಏನೋ ತಪ್ಪು ಮಾಡಿದಂತೆ.

ಟೀಚರು ಒಳಗಿನಿಂದ ಒಂದು ಚೀಲ ಅವರೇಕಾಯಿ ತಂದು ಕಾರಿನಲ್ಲಿಟ್ಟರು. ಹೊರಡುವಾಗ ಅವರು ಕಿಟಕಿಗೆ ಬಗ್ಗಿ, "ಕಾಲೇಜ್ನಾಗೆ ನಿಮ್ ಕಂಡ್ರೆ ಆಗ್ದೋರು ಒಬ್ರಾದ್ರೂ ಇದ್ದೇ ಇರ್ತಾರೆ ಸಾ. ಅವ್ರ ಕೈಗ್ ಕೊಡಿ" ಎಂದರು.

ಹುಡುಕುತ್ತಲೇ ಇದ್ದೇನೆ. ನನ್ನ ಜಾಗಕ್ಕೆ ಕಾಯುತ್ತಿರಬೇಕಾದ ಉಪನ್ಯಾಸಕರಿದ್ದಾರೆ. ಕಂಡಾಗ ನಮಸ್ಕಾರ ಹೊಡೆದು ಬಿಪಿ ಹೇಗಿದೆ ಎಂದು ಕೇಳುತ್ತಾರೆ. ಹೊಸದಾಗಿ ಸೇರಿದ ಒಬ್ಬ ಮೇಡಂ ಮೇಲೆ ನನಗೆ ತುಂಬ ಭರವಸೆಯಿತ್ತು, ಹಬ್ಬಕ್ಕೆ ಆಕೆ ಕೇಳಿದ ರಜೆಗೆ ನಾನು ಸಹಿ ಹಾಕಿರಲಿಲ್ಲ. ಇವತ್ತು ಬೆಳಿಗ್ಗೆ ಆಕೆಯೇ ನನಗೊಂದು ಲೋಟ ಕಾಫಿ ತಂದಿಟ್ಟು, "ಸುಸ್ತಾದ ಹಾಗೆ ಕಾಣ್ತೀರ ಸರ್" ಎಂದು ಹೋದಳು. ಡಬ್ಬಿ ಮೇಜಿನ ಮೇಲೆ ಹಾಗೇ ಇದೆ. ಅವರಿಗೆ ಅಷ್ಟು ವರ್ಷವೂ ನಾನಿದ್ದೆ. ಅದನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.